ಡೊಳ್ಳಿನ ಪೆಟ್ಟು ಕಂಪ್ಯೂಟರಿಗೆ ಇಳಿಯಬೇಕಾದರೆ: ಯಾವ ಸ್ಯಾಂಪ್ಲರ್ ನಿಮಗೆ?

ಮನೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್, ಆಡಿಯೊ ಇಂಟರ್‌ಫೇಸ್, ಪುಟ್ಟ ಮಿಡಿ ಕೀಬೋರ್ಡ್ ಇಟ್ಟುಕೊಂಡು ಕಿರುಚಿತ್ರಕ್ಕೋ ಭಾವಗೀತೆಗೋ ಸಂಗೀತ ಕೂಡಿಸಲು ಹೊರಟವರು ಬೇಗನೆ ಕೇಳುವ ಪ್ರಶ್ನೆ ಒಂದಿದೆ: ‘ಕಾಂಟ್ಯಾಕ್ಟ್ ಕೊಳ್ಳಲೇಬೇಕಾ?’ ದೊಡ್ಡ ಸ್ಟುಡಿಯೊಗಳಲ್ಲಿ ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡುವವರ ತೆರೆಯ ಮೇಲೆ ಆ ಸ್ಯಾಂಪ್ಲರೇ ಕಾಣುವುದರಿಂದ, ಅದಿಲ್ಲದೆ ಕೆಲಸ ಸಾಗದು ಎಂಬ ಭಾವನೆ ಬೇರೂರಿದೆ. ನನ್ನ ಉತ್ತರ ಹೀಗಿದೆ: ಶುರುವಿನಲ್ಲಿ ಹೆಚ್ಚಿನವರಿಗೆ ಅದು ಬೇಡ. ಬೇಕಾಗುವ ದಿನ ಬಂದಾಗ ಯಾಕೆ ಬೇಕು ಎಂಬುದು ನಿಮಗೇ ಸ್ಪಷ್ಟವಾಗಿರುತ್ತದೆ. ಅಲ್ಲಿಯವರೆಗೆ ಕೇಳಿಕೊಳ್ಳಬೇಕಾದದ್ದು ಬೇರೆ: ನೀವು ಬೇರೆಯವರು ಮಾಡಿಟ್ಟ ನಾದವನ್ನು ನುಡಿಸುವವರೋ, ನಿಮ್ಮದೇ ನಾದವನ್ನು ಕಟ್ಟುವವರೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಸಿಂಥಸೈಜರ್ ನಾದವನ್ನು ತಾನೇ ಹುಟ್ಟಿಸುತ್ತದೆ. ಸ್ಯಾಂಪ್ಲರ್ ಹಾಗಲ್ಲ, ಎಲ್ಲೋ ಧ್ವನಿಮುದ್ರಿಸಿದ ನಿಜವಾದ ನಾದವನ್ನು ಕೀಬೋರ್ಡಿನ ಮನೆಗಳ ಮೇಲೆ ಹರಡಿ ನುಡಿಸಲು ಕೊಡುತ್ತದೆ. ಮಿಡಿಯಲ್ಲಿ ಕೀಲಿ ಒತ್ತಿದ ಬಿರುಸನ್ನು 1ರಿಂದ 127ರವರೆಗಿನ ಒಂದು ಅಂಕೆಯಾಗಿ ಕಳಿಸಲಾಗುತ್ತದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ ನುಡಿಸಿದ ಮುದ್ರಣ, ಜೋರಾಗಿ ಒತ್ತಿದರೆ ಜೋರಾಗಿ ನುಡಿಸಿದ ಮುದ್ರಣ ಹೊರಡುವಂತೆ ಪದರ ಪದರವಾಗಿ ಜೋಡಿಸುವುದು ಸ್ಯಾಂಪ್ಲರಿನ ಮೂಲ ಕೆಲಸ. ಇವುಗಳಲ್ಲಿ ಕೆಲವು, ನಿಮ್ಮ ಸ್ವಂತ ಫೈಲುಗಳನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಇನ್ನು ಕೆಲವು ತಮ್ಮ ಕಂಪನಿಯ ಲೈಬ್ರರಿಯನ್ನು ಮಾತ್ರ ನುಡಿಸುತ್ತವೆ. ಸ್ಪಿಟ್‌ಫೈರ್ ಸಂಸ್ಥೆ ಶುರುಮಾಡಿದ ಲ್ಯಾಬ್ಸ್ ಈ ಎರಡನೆಯ ಬಗೆಯದು. ಅದರಲ್ಲಿ ಉಚಿತವಾಗಿ ಸಿಗುವ ಮೃದುವಾದ ಪಿಯಾನೊ, ತಂತಿವಾದ್ಯಗಳು ನಿಜಕ್ಕೂ ಸೊಗಸು, ಇಳಿಸಿಕೊಳ್ಳಿ. ಆದರೆ ನಿಮ್ಮೂರಿನ ತಮಟೆಯನ್ನು ಅದರೊಳಗೆ ಹಾಕಲಾರಿರಿ.

ಈ ವ್ಯತ್ಯಾಸಕ್ಕೆ ನಾನು ಇಷ್ಟು ಒತ್ತು ಕೊಡುವುದು ಯಾಕೆ ಎಂಬುದಕ್ಕೆ ಇತಿಹಾಸದ ಒಂದು ತುಣುಕು ಸಾಕು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ 1979ರಲ್ಲಿ ಹೊರತಂದ ಫೇರ್‌ಲೈಟ್ ಯಂತ್ರದಿಂದ ಡಿಜಿಟಲ್ ಸ್ಯಾಂಪ್ಲಿಂಗ್ ಸಂಗೀತಗಾರರ ಕೈಗೆ ಬಂತು. 1980ರ ದಶಕದಲ್ಲಿ ಇ-ಮು, ಅಕಾಯ್ ಕಂಪನಿಗಳ ಪೆಟ್ಟಿಗೆಗಳು ಸ್ಟುಡಿಯೊಗಳನ್ನು ತುಂಬಿದವು. ಅವುಗಳ ಕೊರತೆ ಒಂದೇ, ಮೆಮೊರಿ ತೀರ ಕಡಿಮೆ. ಒಂದು ಪಿಯಾನೊವನ್ನು ಸರಿಯಾಗಿ ಹಿಡಿಯಬೇಕಾದರೆ ಎಷ್ಟು ಜಾಗ ಬೇಕು, ಲೆಕ್ಕ ಹಾಕಿ ನೋಡಿ. 88 ಕೀಲಿ, ಪ್ರತಿಯೊಂದಕ್ಕೂ ಬಿರುಸಿನ 8 ಪದರ, ಒಂದೊಂದೂ 20 ಸೆಕೆಂಡ್. 48 ಕಿಲೊಹರ್ಟ್ಸ್, 24 ಬಿಟ್ ಸ್ಟೀರಿಯೊದಲ್ಲಿ ಒಂದು ಸೆಕೆಂಡಿನ ನಾದ 2,88,000 ಬೈಟ್ ಹಿಡಿಯುತ್ತದೆ. ಒಟ್ಟು 704 ಫೈಲ್, ಸುಮಾರು 4 ಗಿಗಾಬೈಟ್. 1998ರಲ್ಲಿ ನೆಮೆಸಿಸ್ ಕಂಪನಿಯ ಗಿಗಾಸ್ಯಾಂಪ್ಲರ್ ಇದಕ್ಕೊಂದು ಉಪಾಯ ಹೂಡಿತು: ಪ್ರತಿ ಫೈಲಿನ ತಲೆಯನ್ನಷ್ಟೇ ಮೆಮೊರಿಯಲ್ಲಿ ಇಟ್ಟುಕೊಂಡು, ಕೀಲಿ ಒತ್ತಿದ ಕೂಡಲೆ ಅದನ್ನು ನುಡಿಸುತ್ತ, ಉಳಿದ ಭಾಗವನ್ನು ಹಾರ್ಡ್ ಡಿಸ್ಕಿನಿಂದ ಓದಿಕೊಳ್ಳುವುದು. ಇಂದಿನ ದೊಡ್ಡ ಲೈಬ್ರರಿಗಳೆಲ್ಲ ನಿಂತಿರುವುದು ಈ ಉಪಾಯದ ಮೇಲೆ.

ಆ ತಂತ್ರಾಂಶ ಮುಂದೆ ಗಿಗಾಸ್ಟುಡಿಯೊ ಎಂದು ಹೆಸರಾಗಿ ಟಾಸ್ಕ್ಯಾಮ್ ಕಂಪನಿಯ ಪಾಲಾಯಿತು. 2008ರಲ್ಲಿ ಟಾಸ್ಕ್ಯಾಮ್ ಅದನ್ನು ನಿಲ್ಲಿಸಿಬಿಟ್ಟಿತು. ಹಣ ಕೊಟ್ಟು ಗಿಗಾ ಲೈಬ್ರರಿ ಕೊಂಡಿದ್ದವರೆಲ್ಲ ಅದನ್ನು ಬೇರೊಂದು ಸ್ಯಾಂಪ್ಲರಿಗೆ ಬದಲಾಯಿಸುವ ದಾರಿ ಹುಡುಕಬೇಕಾಯಿತು. ಅದೇ ಕಾಲಕ್ಕೆ ಬಿಡಿ ವೇವ್ ಫೈಲುಗಳಾಗಿ ಉಳಿಸಿಕೊಂಡಿದ್ದ ನಾದ ಇಂದಿಗೂ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ. ಇನ್ನೊಂದು ಕಡೆ, ಎಮ್ಯಾಜಿಕ್ ಕಂಪನಿಯ ಇಎಕ್ಸ್‌ಎಸ್24 ಎಂಬ ಸ್ಯಾಂಪ್ಲರ್ ಅದೃಷ್ಟ ಮಾಡಿತ್ತು. 2002ರಲ್ಲಿ ಆಪಲ್ ಆ ಕಂಪನಿಯನ್ನೇ ಕೊಂಡಿತು. 2020ರಲ್ಲಿ ಲಾಜಿಕ್ ಪ್ರೊದಲ್ಲಿ ಅದರ ಜಾಗಕ್ಕೆ ‘ಸ್ಯಾಂಪ್ಲರ್’ ಎಂಬ ಹೊಸದನ್ನು ಕೂರಿಸಿದಾಗಲೂ ಹಳೆಯ ವಾದ್ಯಗಳು ತೆರೆಯುವಂತೆ ನೋಡಿಕೊಂಡಿತು. ಯಾವ ಕಂಪನಿ ಎಷ್ಟು ದಿನ ಉಳಿದೀತು ಎಂದು ನಾವು ಊಹಿಸಲಾರೆವು. ಆದರೆ ನಮ್ಮ ನಾದ ಯಾವ ರೂಪದಲ್ಲಿ ಇರಬೇಕು ಎಂಬುದು ನಮ್ಮ ಕೈಯಲ್ಲಿದೆ.

ಈಗ ಕಾಂಟ್ಯಾಕ್ಟ್ ಕಡೆಗೆ ಬರೋಣ. ಬರ್ಲಿನ್ನಿನ ನೇಟಿವ್ ಇನ್‌ಸ್ಟ್ರುಮೆಂಟ್ಸ್ 2002ರಲ್ಲಿ ಹೊರತಂದ ಈ ಸ್ಯಾಂಪ್ಲರ್, ಗಿಗಾ ಬಿಟ್ಟುಹೋದ ಜಾಗವನ್ನೂ ಸೇರಿಸಿಕೊಂಡು ಬೆಳೆಯಿತು. ಇದರ ಬಲ ಎರಡು. ಒಂದು, ಪ್ರಪಂಚದ ಸ್ಯಾಂಪಲ್ ಲೈಬ್ರರಿ ತಯಾರಕರಲ್ಲಿ ದೊಡ್ಡ ಪಾಲು ಇದಕ್ಕೇ ಬರೆಯುತ್ತಾರೆ. ಆರ್ಕೆಸ್ಟ್ರಾ, ಜನಪದ ವಾದ್ಯ, ಚಿತ್ರಸಂಗೀತದ ಗುಡುಗು ತಾಳವಾದ್ಯ, ಯಾವುದೇ ಇರಲಿ, ಸಾಮಾನ್ಯವಾಗಿ ಕಾಂಟ್ಯಾಕ್ಟಿಗೆ ಒಂದು ರೂಪ ಸಿಗುತ್ತದೆ. ಎರಡು, ಅದರೊಳಗಿನ ಸ್ಕ್ರಿಪ್ಟ್ ಭಾಷೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಜಾರುವಿಕೆಯ ಮುದ್ರಣವನ್ನೇ ಹೆಕ್ಕಿ ನುಡಿಸುವುದು, ಕಮಾನಿನ ದಿಕ್ಕು ಬದಲಿಸುವುದು ಇಂಥ ಸೂಕ್ಷ್ಮಗಳೆಲ್ಲ ಆ ಭಾಷೆಯಲ್ಲಿ ಬರೆದಿಟ್ಟವು.

ಕೊಳ್ಳುವವರು ಎಡವುವ ಜಾಗವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕಾಂಟ್ಯಾಕ್ಟ್ ಎಂಬ ಹೆಸರಿನಲ್ಲಿ ಎರಡು ಇವೆ. ಕಾಂಟ್ಯಾಕ್ಟ್ ಪ್ಲೇಯರ್ ಉಚಿತ, ಪೂರ್ಣ ಕಾಂಟ್ಯಾಕ್ಟಿಗೆ ಬೆಲೆ ಇದೆ. ‘ಪ್ಲೇಯರ್’ಗೆಂದೇ ಪರವಾನಗಿ ಪಡೆದ ಲೈಬ್ರರಿಗಳು ಉಚಿತ ಆವೃತ್ತಿಯಲ್ಲಿ ಯಾವ ತಡೆಯೂ ಇಲ್ಲದೆ ನುಡಿಯುತ್ತವೆ. ಉಳಿದವು, ಮುಖ್ಯವಾಗಿ ಸಣ್ಣ ತಯಾರಕರು ಕಡಿಮೆ ಬೆಲೆಗೋ ಉಚಿತವಾಗಿಯೋ ಕೊಡುವವು, ಪ್ಲೇಯರಿನಲ್ಲಿ 15 ನಿಮಿಷದ ಪ್ರಯೋಗಕ್ಕೆ ತೆರೆದು ಆಮೇಲೆ ನಿಲ್ಲುತ್ತವೆ. ‘ಉಚಿತ ಲೈಬ್ರರಿ’ ಎಂದು ನಾಲ್ಕೈದು ಗಿಗಾಬೈಟ್ ಇಳಿಸಿಕೊಂಡ ಮೇಲೆ ಅದಕ್ಕೆ ಪೂರ್ಣ ಕಾಂಟ್ಯಾಕ್ಟ್ ಬೇಕೆಂದು ತಿಳಿದರೆ ಡೇಟಾ, ಸಮಯ ಎರಡೂ ಹೋದವು. ಹಾಗಾಗಿ ಲೈಬ್ರರಿಯ ಪುಟದಲ್ಲಿ ಎರಡು ಸಂಗತಿ ನೋಡಿ: ಅದು ಪ್ಲೇಯರಿನಲ್ಲಿ ನಡೆಯುತ್ತದೆಯೆ, ಕನಿಷ್ಠ ಯಾವ ಆವೃತ್ತಿ ಬೇಕು. ಹೊಸ ಆವೃತ್ತಿಯಲ್ಲಿ ಉಳಿಸಿದ ವಾದ್ಯ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲ. ಗೆಳೆಯನೊಬ್ಬ ಕಾಂಟ್ಯಾಕ್ಟ್ 8ರಲ್ಲಿ ಉಳಿಸಿ ಕಳಿಸಿದ್ದನ್ನು ನೀವು 6ರಲ್ಲಿ ತೆರೆಯಲಾರಿರಿ. ಪೂರ್ಣ ಆವೃತ್ತಿಯನ್ನು ಕೊಳ್ಳಲು ನನಗೆ ಒಪ್ಪಿಗೆಯಾಗುವ ಕಾರಣ ಒಂದೇ: ನಿಮಗೆ ನಿಜಕ್ಕೂ ಬೇಕಾದ, ಕೈಯಲ್ಲಿರುವ ಹಾಡಿಗೆ ಬೇಕಾದ ಲೈಬ್ರರಿಯೊಂದು ಅದರಲ್ಲೇ ಇದೆ, ಬೇರೆಲ್ಲೂ ಇಲ್ಲ ಎಂಬುದು. ಆಗ ಕೊಳ್ಳಿ. ಕಂಪನಿ ವರ್ಷದಲ್ಲಿ ಆಗಾಗ ರಿಯಾಯಿತಿ ಕೊಡುತ್ತದೆ, ಕಾದರೆ ಹಣ ಉಳಿಯುತ್ತದೆ.

ಕಾಯುವಷ್ಟು ದಿನ ಏನು ಮಾಡಬೇಕು? ನಿಮ್ಮ ರೆಕಾರ್ಡಿಂಗ್ ತಂತ್ರಾಂಶದೊಳಗೇ ಇರುವ ಸ್ಯಾಂಪ್ಲರನ್ನು ತೆರೆಯಿರಿ. ತುಂಬ ಜನ ಅದನ್ನು ಮುಟ್ಟದೆಯೇ ಹೊರಗಿನದನ್ನು ಹುಡುಕುತ್ತಾರೆ. ಏಬಲ್‌ಟನ್ ಲೈವ್‌ನ ಸಿಂಪ್ಲರ್‌ಗೆ ಒಂದು ಫೈಲನ್ನು ಎಳೆದು ಹಾಕಿದರೆ ಕೀಬೋರ್ಡಿನಲ್ಲಿ ನುಡಿಸಬಹುದು, ಲಯದ ತುಣುಕಾದರೆ ತಾನಾಗಿ ಕತ್ತರಿಸಿ ಒಂದೊಂದು ಪೆಟ್ಟನ್ನೂ ಒಂದೊಂದು ಕೀಲಿಗೆ ಹಂಚುತ್ತದೆ. ಹಲವು ಪದರಗಳ ವಾದ್ಯ ಕಟ್ಟಲು ಅದರ ದೊಡ್ಡಣ್ಣ ‘ಸ್ಯಾಂಪ್ಲರ್’ ಬೇಕು, ಅದು ಸೂಟ್ ಆವೃತ್ತಿಯಲ್ಲಿದೆ. ಲಾಜಿಕ್‌ನಲ್ಲಿ ಕ್ವಿಕ್ ಸ್ಯಾಂಪ್ಲರ್, ಸ್ಯಾಂಪ್ಲರ್ ಎರಡೂ ಜತೆಗೇ ಬರುತ್ತವೆ, ಮ್ಯಾಕ್ ಇರುವವರಿಗೆ ಬೇರೇನೂ ಬೇಡ ಎನ್ನುವಷ್ಟು ಸಮರ್ಥವಾಗಿವೆ. ಎಫ್‌ಎಲ್ ಸ್ಟುಡಿಯೊದಲ್ಲಿ ಚಾನೆಲ್ ಎಂದರೇ ಸ್ಯಾಂಪ್ಲರ್. ಕ್ಯೂಬೇಸ್‌ನಲ್ಲಿ ಸ್ಯಾಂಪ್ಲರ್ ಟ್ರ್ಯಾಕ್ ಇದೆ. ರೀಪರ್‌ನ ರಿಯಾಸ್ಯಾಂಪ್ಲೊಮ್ಯಾಟಿಕ್ ನೋಡಲು ಒರಟು, ಒಂದು ಪೆಟ್ಟಿಗೆಗೆ ಒಂದು ಕೆಲಸ ಎಂಬ ಲೆಕ್ಕದ್ದು. ಆದರೆ ತಾಳವಾದ್ಯಕ್ಕೆ ಅದೇ ಅನುಕೂಲ, ತಟ್ಟೆಂದು ಕೆಲಸ ಮುಗಿಯುತ್ತದೆ.

ಇವುಗಳಿಗೊಂದು ಮಿತಿಯಿದೆ. ಇಲ್ಲಿ ಕಟ್ಟಿದ ವಾದ್ಯ ಆ ತಂತ್ರಾಂಶದ ಹೊಸ್ತಿಲು ದಾಟದು. ನಾಳೆ ಎಫ್‌ಎಲ್ ಬಿಟ್ಟು ರೀಪರ್‌ಗೆ ಬಂದರೆ ಮತ್ತೆ ಮೊದಲಿನಿಂದ ಜೋಡಿಸಬೇಕು. ಈ ತೊಡಕಿಗೆ ನಾನು ಮನಸಾರೆ ಸೂಚಿಸುವ ದಾರಿ ಎರಡು, ಎರಡೂ ಉಚಿತ.

ಮೊದಲನೆಯದು ಡೇವಿಡ್ ಹಿಲೊವಿಟ್ಜ್ ರೂಪಿಸಿದ ಡಿಸೆಂಟ್ ಸ್ಯಾಂಪ್ಲರ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಎರಡನೆಯದು ಎಸ್‌ಎಫ್‌ಝಡ್ ಎಂಬ ತೆರೆದ ವಿನ್ಯಾಸ, ಮತ್ತು ಅದನ್ನು ನುಡಿಸುವ, ಕೆನಡಾದ ಪ್ಲೋಗ್ ಕಂಪನಿಯ ಸ್ಫೋರ್ಜಾಂಡೊ. ಎರಡರಲ್ಲೂ ವಾದ್ಯ ಎಂದರೆ ಒಂದು ಫೋಲ್ಡರ್: ಅದರಲ್ಲಿ ವೇವ್ ಫೈಲುಗಳು, ಜತೆಗೊಂದು ಸಾದಾ ಪಠ್ಯದ ಫೈಲು. ಯಾವ ಫೈಲು ಯಾವ ಕೀಲಿಗೆ, ಬಿರುಸು ಎಷ್ಟರಿಂದ ಎಷ್ಟರವರೆಗೆ, ಸದ್ದು ಎಷ್ಟು ಬೇಗ ಆರಬೇಕು ಎಂಬುದೆಲ್ಲ ಆ ಪಠ್ಯದಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು, ತಿದ್ದಬಹುದು. ಇಪ್ಪತ್ತು ವರ್ಷದ ನಂತರ ಈ ತಂತ್ರಾಂಶಗಳು ಇಲ್ಲದೆ ಹೋದರೂ, ಆ ಪಠ್ಯ ಓದಿದ ಯಾರಾದರೂ ನಿಮ್ಮ ವಾದ್ಯವನ್ನು ಮತ್ತೆ ಜೋಡಿಸಬಲ್ಲರು. ಸಿದ್ಧ ವಾದ್ಯ ಬೇಕೆಂದವರಿಗೆ ಪಿಯಾನೊಬುಕ್ ಇದೆ. ಬ್ರಿಟಿಷ್ ಸಂಗೀತ ಸಂಯೋಜಕ ಕ್ರಿಶ್ಚಿಯನ್ ಹೆನ್ಸನ್ ಶುರುಮಾಡಿದ ಈ ತಾಣದಲ್ಲಿ ಜಗತ್ತಿನ ಅನೇಕರು ತಮ್ಮ ಮನೆಯ ಪಿಯಾನೊ, ಗಂಟೆ, ಮುರಿದ ಹಾರ್ಮೋನಿಯಂಗಳನ್ನು ಮುದ್ರಿಸಿ ಉಚಿತವಾಗಿ ಹಂಚಿದ್ದಾರೆ. ಒಂದೇ ವಾದ್ಯ ಹಲವು ರೂಪಗಳಲ್ಲಿ ಸಿಗುತ್ತದೆ. ಡಿಸೆಂಟ್ ಸ್ಯಾಂಪ್ಲರ್ ರೂಪವನ್ನು ಆರಿಸಿಕೊಂಡರೆ ಪೂರ್ಣ ಕಾಂಟ್ಯಾಕ್ಟಿನ ತಂಟೆ ಇಲ್ಲ.

ಇನ್ನು ಬೆಲೆ ಕೊಟ್ಟು ಕೊಳ್ಳುವವುಗಳಲ್ಲಿ ಯುವಿಐ ಕಂಪನಿಯ ಫಾಲ್ಕನ್, ಸ್ಟೈನ್‌ಬರ್ಗ್‌ನ ಹೇಲಿಯನ್ ಇವೆರಡೂ ಸ್ಯಾಂಪ್ಲರ್ ಮತ್ತು ಸಿಂಥಸೈಜರ್ ಬೆರೆತ ದೊಡ್ಡ ಯಂತ್ರಗಳು. ಗಾಜಿನ ಲೋಟದ ಸದ್ದನ್ನು ಹಿಡಿದು, ಹಿಗ್ಗಿಸಿ, ಪುಡಿ ಮಾಡಿ, ಗುರುತೇ ಸಿಗದ ಹೊಸ ನಾದ ಮಾಡುವ ಆಸೆಯುಳ್ಳವರಿಗೆ ಫಾಲ್ಕನ್‌ನಂಥ ಜತೆಗಾರ ಅಪರೂಪ. ಹಾಡಿಗೆ ತಬಲಾ, ಪಿಯಾನೊ, ತಂತಿವಾದ್ಯ ಸೇರಿಸುವುದಷ್ಟೇ ನಿಮ್ಮ ಕೆಲಸವಾದರೆ ಇವುಗಳಿಗೆ ಖರ್ಚು ಮಾಡಬೇಡಿ.

ಇನ್ನು ನಮ್ಮ ಸಂಗೀತದ ಮಾತು. ಭಾರತೀಯ ವಾದ್ಯಗಳಿಗೇ ಮೀಸಲಾದ ಸ್ವರ್‌ಪ್ಲಗ್‌ನಂಥ ಸಾಧನಗಳಿವೆ, ಕಾಂಟ್ಯಾಕ್ಟಿಗೂ ‘ಇಂಡಿಯಾ’ ಎಂಬ ಸಂಗ್ರಹವಿದೆ. ತಬಲಾ, ಢೋಲಕ್, ತಂಬೂರಿ ಇವುಗಳಲ್ಲಿ ಚೆನ್ನಾಗಿಯೇ ದಕ್ಕುತ್ತವೆ. ಆದರೆ ವೀಣೆ, ಪಿಟೀಲು, ಕೊಳಲನ್ನು ಸ್ಯಾಂಪ್ಲರಿನಲ್ಲಿ ಹಾಡಿನ ಮುಂಭಾಗಕ್ಕೆ ತರುವುದನ್ನು ನಾನು ಒಪ್ಪುವುದಿಲ್ಲ. ತೋಡಿಯ ಗಾಂಧಾರ ಒಂದು ಕೀಲಿಯ ಮೇಲೆ ಕೂರುವ ಸ್ವರವಲ್ಲ. ಅದು ತೂಗುತ್ತದೆ, ಆ ತೂಗಾಟವೇ ಅದರ ರೂಪ. ಕೀಬೋರ್ಡಿನ ಪಿಚ್ ಬೆಂಡ್ ಚಕ್ರ ಸಾಮಾನ್ಯವಾಗಿ ಆಚೀಚೆ ಎರಡೆರಡು ಸ್ವರಸ್ಥಾನದಷ್ಟು ಮಾತ್ರ ಎಳೆಯುತ್ತದೆ. ಅದನ್ನು ಐದಕ್ಕೋ ಏಳಕ್ಕೋ ಹೆಚ್ಚಿಸಿಕೊಳ್ಳಬಹುದು, ಅಭ್ಯಾಸದಿಂದ ಜಾರು ಗಮಕಗಳನ್ನು ಸಾಕಷ್ಟು ಹತ್ತಿರ ತರಲೂಬಹುದು. ಆದರೂ ಮುದ್ರಿತ ಸ್ವರದೊಳಗೆ ಕಲಾವಿದರು ಕೊಟ್ಟ ಕಂಪನ ಮೊದಲೇ ಸೇರಿಕೊಂಡಿದ್ದರೆ ಅದು ನಿಮ್ಮ ಎಳೆತಕ್ಕೆ ಅಡ್ಡ ಬರುತ್ತದೆ. ಕಂಪನವಿಲ್ಲದೆ ಮುದ್ರಿಸಿದ ಸ್ವರಗಳಿರುವ ಲೈಬ್ರರಿ ಹುಡುಕಿ, ಹಿನ್ನೆಲೆಯ ಸಣ್ಣ ತುಣುಕುಗಳಿಗೆ ಬಳಸಿ. ಮುಂಭಾಗದ ನಾಲ್ಕು ಸಾಲಿಗೆ ಒಬ್ಬ ವೈಣಿಕರನ್ನು ಕರೆಸಿ. ಒಂದು ಗಂಟೆಯ ಅವರ ಸಂಭಾವನೆ ಅನೇಕ ಲೈಬ್ರರಿಗಳ ಬೆಲೆಗಿಂತ ಕಡಿಮೆ, ಮತ್ತು ಹಾಡಿಗೆ ಬರುವ ಜೀವಕ್ಕೆ ಲೆಕ್ಕವಿಲ್ಲ.

ತಾಳವಾದ್ಯಗಳ ವಿಷಯ ಬೇರೆ. ಒಂದೊಂದು ಪೆಟ್ಟೂ ಹುಟ್ಟಿ ಆರುವುದರಿಂದ ಸ್ಯಾಂಪ್ಲರ್ ಇಲ್ಲಿ ಮಿಂಚುತ್ತದೆ. ನಮ್ಮ ಡೊಳ್ಳು, ತಮಟೆ, ಚಂಡೆ, ಮದ್ದಳೆ, ಕಂಸಾಳೆ, ನಗಾರಿ ಸಿದ್ಧ ಲೈಬ್ರರಿಗಳಲ್ಲಿ ಸಿಗುವುದು ಕಡಿಮೆ. ಸಿಕ್ಕರೂ ‘ಏಷ್ಯಾದ ತಾಳವಾದ್ಯ’ ಎಂಬ ಗುಂಪಿನಲ್ಲಿ ಒಂದೆರಡು ಪೆಟ್ಟು. ಕನ್ನಡದ ಹಾಡಿಗೆ ಡೊಳ್ಳು ಬೇಕಾದಾಗ ಜಪಾನಿನ ಟೈಕೊ ಹಾಕಿ ಸುಧಾರಿಸುವ ರೂಢಿ ನನಗೆ ನೋವು ಕೊಡುತ್ತದೆ. ಇದನ್ನು ಸರಿಪಡಿಸುವುದು ಕಷ್ಟವೇನಲ್ಲ, ಒಂದು ಮಧ್ಯಾಹ್ನದ ಕೆಲಸ.

ಕಲಾವಿದರನ್ನು ಕರೆಸಿ, ಪ್ರತಿಧ್ವನಿ ಕಡಿಮೆಯಿರುವ ಜಾಗದಲ್ಲಿ ಮೈಕ್ ಇಡಿ. 48 ಕಿಲೊಹರ್ಟ್ಸ್, 24 ಬಿಟ್ ಇರಲಿ. ಅತಿ ಜೋರಿನ ಪೆಟ್ಟು ಕೂಡ ಮಿತಿಗಿಂತ 6 ಡೆಸಿಬೆಲ್ ಕೆಳಗೇ ನಿಲ್ಲುವಂತೆ ಮಟ್ಟ ಹೊಂದಿಸಿ, ಆಮೇಲೆ ಆ ಗುಂಡಿಯನ್ನು ಮುಟ್ಟಬೇಡಿ. ಕೋಲಿನ ಪೆಟ್ಟು, ಕೈಪೆಟ್ಟು, ಅಂಚಿನ ಪೆಟ್ಟು, ಒತ್ತಿ ಹಿಡಿದ ಪೆಟ್ಟು ಎಂದು ನಾಲ್ಕು ಬಗೆ ಮಾಡಿಕೊಂಡರೆ, ಪ್ರತಿಯೊಂದನ್ನೂ ಮೆಲ್ಲಗಿನಿಂದ ಜೋರಿನವರೆಗೆ ನಾಲ್ಕು ಬಿರುಸಿನಲ್ಲಿ, ಒಂದೊಂದು ಬಿರುಸನ್ನೂ ಐದು ಸಲ ನುಡಿಸಲು ಕೇಳಿ. ಒಟ್ಟು 80 ಫೈಲು. ಐದು ಸಲ ಯಾಕೆಂದರೆ, ಒಂದೇ ಮುದ್ರಣ ಪದೇ ಪದೇ ಬಡಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ, ಮೆಷಿನ್‌ಗನ್ ಸಿಡಿದ ಹಾಗೆ ಕೇಳುತ್ತದೆ. ಐದನ್ನೂ ಸರದಿಯಲ್ಲಿ ನುಡಿಸುವಂತೆ ಸ್ಯಾಂಪ್ಲರಿಗೆ ಹೇಳಬಹುದು. ಇದಕ್ಕೆ ರೌಂಡ್ ರಾಬಿನ್ ಎನ್ನುತ್ತಾರೆ. ಡಿಸೆಂಟ್ ಸ್ಯಾಂಪ್ಲರ್, ಎಸ್‌ಎಫ್‌ಝಡ್ ಎರಡರಲ್ಲೂ ಈ ಸೌಲಭ್ಯವಿದೆ. ಪ್ರತಿ ಪೆಟ್ಟಿನ ಬಾಲ ಪೂರ್ತಿ ಆರುವವರೆಗೆ ಯಾರೂ ಅಲುಗಾಡಬಾರದು.

ಕತ್ತರಿಸುವಾಗ ಪೆಟ್ಟು ಶುರುವಾಗುವ ಜಾಗಕ್ಕೆ ಹತ್ತಿರ ಕತ್ತರಿಸಿ. ಮುಂದೆ ಮೌನ ಉಳಿದರೆ ನುಡಿಸುವಾಗ ಲಯ ಹಿಂದೆ ಬೀಳುತ್ತದೆ. ಪ್ರತಿ ಫೈಲನ್ನೂ ಬೇರೆ ಬೇರೆಯಾಗಿ ನಾರ್ಮಲೈಜ್ ಮಾಡಬೇಡಿ, ಹಾಗೆ ಮಾಡಿದರೆ ಮೆಲುಪೆಟ್ಟಿಗೂ ಬಿರುಪೆಟ್ಟಿಗೂ ಇದ್ದ ಅಂತರ ಅಳಿಸಿಹೋಗುತ್ತದೆ. ಫೈಲಿನ ಹೆಸರಿನಲ್ಲೇ ವಾದ್ಯ, ಪೆಟ್ಟಿನ ಬಗೆ, ಬಿರುಸು, ಸರದಿ ನಾಲ್ಕೂ ಇರಲಿ. ಮೂಲ ಮುದ್ರಣವನ್ನು ಕತ್ತರಿಸದೆ ಬೇರೆ ಡಿಸ್ಕಿನಲ್ಲಿ ಜೋಪಾನ ಮಾಡಿ. ಚಂಡೆ, ಮದ್ದಳೆ ಶ್ರುತಿಗೆ ಹೊಂದಿಸಿದ ವಾದ್ಯಗಳಾದ್ದರಿಂದ ‘ಕಪ್ಪು ಎರಡು’ ಎಂದೋ ಇನ್ನೇನೋ ಆ ಶ್ರುತಿಯನ್ನೂ ಬರೆದಿಡಿ. ಬೇರೆ ಶ್ರುತಿಗೆ ಸರಿಸುವಾಗ ಮಿತಿ ಇರಲಿ: ಹಳೆಯ ಸರಳ ವಿಧಾನದಲ್ಲಿ ಮೂರು ಸ್ವರಸ್ಥಾನ ಏರಿಸಿದರೆ ಸದ್ದು ಸುಮಾರು ಶೇಕಡಾ 19ರಷ್ಟು ವೇಗವಾಗಿ ಓಡುತ್ತದೆ, ಒಂದು ಸ್ಥಾಯಿ ಏರಿಸಿದರೆ ಇಮ್ಮಡಿ. ಮದ್ದಳೆ ಆಟಿಕೆಯ ಮದ್ದಳೆಯಾಗಿಬಿಡುತ್ತದೆ.

ಇನ್ನೊಂದು ಮಾತನ್ನು ಬಿಟ್ಟು ಮುಂದೆ ಹೋಗಲಾರೆ. ಆ 80 ಪೆಟ್ಟುಗಳು ನಿಮ್ಮ ಡಿಸ್ಕಿಗೆ ಬಂದ ಮೇಲೆ ಆ ಕಲಾವಿದರನ್ನು ಮುಂದಿನ ಹಾಡಿಗೆ ಕರೆಯುವ ಅಗತ್ಯ ನಿಮಗೆ ಇರುವುದಿಲ್ಲ. ಆದ್ದರಿಂದ ಮುದ್ರಣ ಯಾತಕ್ಕೆ, ಎಷ್ಟು ಹಾಡಿಗೆ, ಮುಂದೆ ಮಾರುವ ಉದ್ದೇಶವಿದೆಯೇ ಎಂಬುದನ್ನು ಮೊದಲೇ ತಿಳಿಯಹೇಳಿ, ಒಂದು ದಿನದ ನುಡಿಸಾಣಿಕೆಗಿಂತ ಹೆಚ್ಚಿನ ಸಂಭಾವನೆ ಕೊಟ್ಟು, ಕಾಗದದ ಮೇಲೆ ಒಪ್ಪಿಗೆ ಪಡೆಯಿರಿ. ಹೆಸರನ್ನು ವಾದ್ಯದ ಜತೆಗೇ ಬರೆಯಿರಿ.

ಹಳೆಯ ಚಿತ್ರಗೀತೆಯಿಂದ ತುಣುಕು ಎತ್ತುವ ಆಸೆ ಇದ್ದರೆ ಕಾನೂನು ತಿಳಿದಿರಲಿ. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ಮರುವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ಸಾಹಿತ್ಯ, ಸಂಗೀತ ರಚನೆಗಳ ಹಕ್ಕು ಬೇರೆ, ಅದು ಕರ್ತೃವಿನ ಕಾಲಾನಂತರ 60 ವರ್ಷ. ಎರಡು ಸೆಕೆಂಡಿನ ತುಣುಕಾದರೂ ಅನುಮತಿ ಕೇಳುವುದೇ ಕ್ಷೇಮ. ಕೊಂಡ ಲೈಬ್ರರಿಗಳನ್ನು ನಿಮ್ಮ ಹಾಡಿನಲ್ಲಿ ಬಳಸಬಹುದು, ಅದರ ಬಿಡಿ ನಾದಗಳನ್ನು ಮತ್ತೊಂದು ಲೈಬ್ರರಿಯಾಗಿ ಮಾರುವುದಕ್ಕೆ ಸಾಮಾನ್ಯವಾಗಿ ಪರವಾನಗಿ ಇರುವುದಿಲ್ಲ.

ಕಂಪ್ಯೂಟರಿನ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ. ಹೊಸ ಸ್ಯಾಂಪ್ಲರಿಗೆ ಇಟ್ಟ ಹಣದಲ್ಲಿ ಮೊದಲು ಒಂದು ಎಸ್‌ಎಸ್‌ಡಿ ಕೊಳ್ಳಿ, ಲೈಬ್ರರಿಗಳನ್ನು ಅದಕ್ಕೆ ಸಾಗಿಸಿ. ಡಿಸ್ಕಿನಿಂದ ಓದುತ್ತ ನುಡಿಸುವ ಉಪಾಯ, ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಏದುಸಿರು ಬಿಡುತ್ತದೆ. ಮೆಮೊರಿ 16 ಗಿಗಾಬೈಟ್ ಇದ್ದರೆ ಸಾಧಾರಣ ಕೆಲಸಕ್ಕೆ ಸಾಕು. ಕೀಲಿ ಒತ್ತಿದ್ದಕ್ಕೂ ಸದ್ದು ಬರುವುದಕ್ಕೂ ನಡುವೆ ಅಂತರ ಅನ್ನಿಸಿದರೆ ದೂರುವುದು ಸ್ಯಾಂಪ್ಲರನ್ನಲ್ಲ, ಆಡಿಯೊ ಬಫರ್ ನೋಡಿ. 48 ಕಿಲೊಹರ್ಟ್ಸ್‌ನಲ್ಲಿ 256ರ ಬಫರ್ ಎಂದರೆ 5.3 ಮಿಲಿಸೆಕೆಂಡ್, 1024 ಎಂದರೆ 21ಕ್ಕೂ ಹೆಚ್ಚು. ನುಡಿಸುವಾಗ ಕಡಿಮೆ ಇಟ್ಟುಕೊಂಡು, ಮಿಕ್ಸಿಂಗ್ ಮಾಡುವಾಗ ಏರಿಸಿಕೊಳ್ಳಿ.

ಹಾಡು ಮುಗಿದು ಕಳಿಸುವ ದಿನ, ಸ್ಯಾಂಪ್ಲರ್ ನುಡಿಸಿದ ಪ್ರತಿ ಟ್ರ್ಯಾಕನ್ನೂ ವೇವ್ ಫೈಲಾಗಿ ಹೊರತೆಗೆದು ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇಡಿ. ರಿವರ್ಬ್, ಇಕ್ಯೂ ಇಲ್ಲದ ಒಂದು ಪ್ರತಿ, ಇರುವ ಒಂದು ಪ್ರತಿ, ಜತೆಗೆ ಮಿಡಿ ಫೈಲು. ಐದು ವರ್ಷದ ನಂತರ ನಿರ್ಮಾಪಕರು ಮತ್ತೊಂದು ಭಾಷೆಗೆ ಅದೇ ಹಾಡು ಬೇಕೆಂದು ಕೇಳಿದಾಗ ಲೈಬ್ರರಿಯ ಪರವಾನಗಿ ಮುಗಿದಿರಬಹುದು, ಸ್ಯಾಂಪ್ಲರಿನ ಆವೃತ್ತಿ ಬದಲಾಗಿರಬಹುದು. ಫೋಲ್ಡರಿನ ವೇವ್‌ಗಳನ್ನು ಯಾವ ತಂತ್ರಾಂಶಕ್ಕೆ ಎಳೆದರೂ ಒಂದೇ ಗೆರೆಯಿಂದ ಹೊರಡುವ ಹಾಗೆ, ಎಲ್ಲವನ್ನೂ ಹಾಡಿನ ಮೊದಲ ಕ್ಷಣದಿಂದಲೇ ಹೊರತೆಗೆಯಿರಿ.